ಅವ್ವ ಪಳಗಿಸಿದ ಬಂದೂಕು

ಎಲ್ಲಕ್ಕೂ ಮೂಲ ಜಿಡ್ಡು.

ಗಿರಿಜಾದೇವಿಯವರಿಗೆ ಜಿಡ್ಡು ಕಂಡರೆ ಆಗುತ್ತಿರಲಿಲ್ಲ. ರೋಣದಿಂದ ಹೊರಟು ಅಮೆರಿಕದಲ್ಲಿದ್ದ ಮಗನ ಮನೆಗೆಂದು ಪ್ಲೇನ್ಸ್‌ಬರೋಗೆ ಬಂದಿಳಿದ ದಿನ, ಸೂಟ್‌ಕೇಸ್ ಬಿಚ್ಚುವುದಕ್ಕೂ ಮೊದಲು ಅವರು ಬಿಚ್ಚಿಸಿದ್ದು ಅಡುಗೆಮನೆಯ ಎಕ್ಸಾಸ್ಟ್ ಫ್ಯಾನನ್ನು. ತಿಂಗಳೊಪ್ಪತ್ತಿನಲ್ಲಿ ಆ ಅಪಾರ್ಟ್‌ಮೆಂಟುಗಳ ಕನ್ನಡದ ಮನೆಗಳಲ್ಲೆಲ್ಲ ಅವರ ಕೈಗುಣದ ಸುದ್ದಿ ಹರಡಿತು. ಸೀದ ಪಾತ್ರೆ, ಜಿಗುಟು ಹಿಡಿದ ಬಾಣಲೆ, ತುಕ್ಕು ತಿಂದ ದೋಸೆಹಂಚು ಒಂದೊಂದಾಗಿ ಅವರ ಬಾಗಿಲಿಗೆ ಬಂದು, ಮಿಂಚಿಕೊಂಡು ವಾಪಸು ಹೋದವು. ಅಲ್ಲಿಯವರೆಗೆ ಯಾರಿಗೂ ತೊಂದರೆಯಾಗಿರಲಿಲ್ಲ. ತೊಂದರೆ ಶುರುವಾದದ್ದು ಮಗ ಬಂದೂಕಿನ ತುಂಡೊಂದನ್ನು ಮನೆಗೆ ತಂದಾಗ.

ಮಗ ಮೃತ್ಯುಂಜಯ ಬಂದೂಕು ಮುಟ್ಟುವ ಪೈಕಿಯವನೇ ಅಲ್ಲ. ಹೆಸರೇನೋ ಸಾವನ್ನು ಗೆದ್ದವನದು, ಮನುಷ್ಯ ಮಾತ್ರ ಹಿಂದೆ ಪೊಲೀಸ್ ಕಾರು ಕಂಡರೆ ಹಾಕಿದ ಸೀಟ್ ಬೆಲ್ಟನ್ನೇ ಇನ್ನೊಮ್ಮೆ ಮುಟ್ಟಿ ನೋಡಿಕೊಳ್ಳುವವ. ಪಿಸ್ಕಾಟವೇಯ ಒಂದು ಟೆಲಿಫೋನ್ ಕಂಪನಿಯಲ್ಲಿ ಅವನು ಪ್ರೋಗ್ರಾಮರ್. ಎರಡು ಸಾವಿರದ ಇಸವಿ ಕಾಲಿಟ್ಟ ಕೂಡಲೇ ಕಂಪ್ಯೂಟರುಗಳಿಗೆಲ್ಲ ಹುಚ್ಚು ಹಿಡಿಯುತ್ತದೆಂದು ಅಮೆರಿಕವೇ ಗಾಬರಿಬಿದ್ದಿದ್ದ ಕಾಲವದು. ಕೋಡ್ ಬರೆಯಬಲ್ಲವನು ವಿಮಾನದಿಂದ ಇಳಿದರೆ ಸಾಕು, ಹಿಡಿದು ಕೆಲಸಕ್ಕೆ ಕೂರಿಸುತ್ತಿದ್ದರು. ಕೂತವನು ಕೂತೇ ಇರಬೇಕಾದರೆ ಮಾತ್ರ ಗ್ರೀನ್ ಕಾರ್ಡ್ ಬೇಕು, ಅದರ ಅರ್ಜಿ ಹೊರಡಬೇಕಾದರೆ ಮ್ಯಾನೇಜರನ ಸಹಿ ಬೇಕು. ಮೃತ್ಯುಂಜಯನ ವೀಸಾ ಮುಕ್ಕಾಲು ಪಾಲು ಸವೆದಿತ್ತು. ಈ ಚಳಿಗಾಲದೊಳಗೆ ಅರ್ಜಿ ಹೋಗದಿದ್ದರೆ ಆಮೇಲೆ ಹೋಗಿಯೂ ಪ್ರಯೋಜನವಿಲ್ಲ, ಗಂಟುಮೂಟೆ ಕಟ್ಟಿಕೋ ಎಂದು ವಕೀಲ ಬಾಯಿ ಬಿಟ್ಟೇ ಹೇಳಿದ್ದ.

ಮ್ಯಾನೇಜರ್ ಲೆನ್ ಡುಬ್ರೋವ್ಸ್ಕಿ ಕೆಟ್ಟವನಲ್ಲ. ಕೇಳಿದಾಗಲೆಲ್ಲ ನಗುನಗುತ್ತಾ "ಬರೋ ಸೋಮವಾರ" ಎನ್ನುತ್ತಿದ್ದ. ಸೋಮವಾರ ಬಂದಾಗ ಮರೆಯುತ್ತಿದ್ದ. ಅವನ ತಲೆಯಲ್ಲಿ ಸದಾ ಇರುತ್ತಿದ್ದುದು ಬಂದೂಕು. ಯಾವ್ಯಾವುದೋ ದೇಶದ ಸೈನ್ಯಗಳು ಹಳತಾಯಿತೆಂದು ಮಾರಿಬಿಟ್ಟ ಬಂದೂಕುಗಳನ್ನು ಅಂಗಡಿಯಿಂದ ಅಗ್ಗಕ್ಕೆ ಕೊಂಡು, ಉಜ್ಜಿ, ನೆಲಮಾಳಿಗೆಯ ಗೋಡೆಗೆ ಸಾಲಾಗಿ ನೇತುಹಾಕುವುದೇ ಅವನ ಸಂಸಾರಸುಖ.

ಶುಕ್ರವಾರ ಮಧ್ಯಾಹ್ನ ಲೆನ್ ಮೃತ್ಯುಂಜಯನನ್ನು ಪಾರ್ಕಿಂಗ್ ಲಾಟಿಗೆ ಕರೆದುಕೊಂಡು ಹೋಗಿ, ತನ್ನ ಕಾರಿನ ಡಿಕ್ಕಿಯಿಂದ ಪೇಪರಿನಲ್ಲಿ ಸುತ್ತಿದ ಪೊಟ್ಟಣವೊಂದನ್ನು ತೆಗೆದ. ಒಳಗೆ ಗೇಣುದ್ದದ ಕಬ್ಬಿಣದ ಕೊಳವೆ, ಪಕ್ಕಕ್ಕೊಂದು ಬಾಗಿದ ಹಿಡಿಕೆ. ಊರಿನ ಬಾಗಿಲಿನ ಚಿಲಕದಂತೆಯೇ ಇತ್ತು. ಮೈತುಂಬ ಕಂದು ಬಣ್ಣದ ಒಣಗಿದ ಗ್ರೀಸು.

"ಜೇ, ನಿಮ್ಮ ಇಂಡಿಯಾದ್ದು!" ಎಂದ ಲೆನ್. ಮೃತ್ಯುಂಜಯ ಎಂಬುದು ಅವನ ನಾಲಿಗೆಗೆ ಜೇ ಆಗಿತ್ತು. ಅವನು ಆಡಿದ್ದೆಲ್ಲ ಇಂಗ್ಲಿಷೇ, ನಮ್ಮ ಅನುಕೂಲಕ್ಕೆ ಕನ್ನಡದಲ್ಲಿ ಕೇಳೋಣ. "ನಿಮ್ಮ ಸರ್ಕಾರದ ಕಾರ್ಖಾನೇಲಿ ಮಾಡಿದ್ದು, ನಿಮ್ಮ ಸೈನ್ಯ ಬೇಡ ಅಂತ ಮಾರಿದ್ದು. ಹೋದ ವಾರ ತಗೊಂಡೆ. ಆದ್ರೆ ಹಳೇ ಬಂದೂಕು ತಂದ ತಕ್ಷಣ ಹೊಡೆಯೋ ಹಾಗಿಲ್ಲ. ನಳಿಗೆಯೊಳಗೆ ಬೆಳಕು ಬಿಟ್ಟು ನೋಡ್ಬೇಕು, ಏನೂ ಸಿಕ್ಕಿಕೊಂಡಿರಬಾರದು. ಮರ ಸೀಳಿರಬಾರದು. ಎಲ್ಲಕ್ಕಿಂತ ಮುಖ್ಯ ಈ ಬೋಲ್ಟು. ಗುಂಡಿನ ಬೆನ್ನಿಗೆ ಬಾಗಿಲು ಹಾಕೋದು ಇದೇ. ಇದು ಗಟ್ಟಿ ಇಲ್ಲ ಅಂದ್ರೆ ಗುಂಡು ಮುಂದೆ ಹೋಗೋ ಹೊತ್ತಿಗೆ ಬಾಗಿಲು ಹಿಂದಕ್ಕೆ ಹಾರತ್ತೆ. ಹಿಂದೆ ಯಾರಿರ್ತಾರೆ ಹೇಳು?"

"ಯಾರಿರ್ತಾರೆ?"

"ನಾನು!" ಎಂದು ಲೆನ್ ಗಹಗಹಿಸಿ ನಕ್ಕ. ಆಮೇಲೆ ಮುಖ ಸಣ್ಣದು ಮಾಡಿಕೊಂಡು, "ಸೈನ್ಯದವರು ತುಕ್ಕು ಹಿಡೀಬಾರದು ಅಂತ ಗ್ರೀಸ್ ಬಳಿದು ಇಟ್ಟಿರ್ತಾರೆ. ವರ್ಷಗಟ್ಟಲೆ ಒಣಗಿ ಕಲ್ಲಾಗಿದೆ. ನನ್ನ ಹೆಂಡತಿ ಇದನ್ನ ಸಿಂಕಿನ ಹತ್ರಾನೂ ಸೇರಿಸಲ್ಲ" ಎಂದ.

ಇಲ್ಲಿ ಮೃತ್ಯುಂಜಯ ಬಾಯಿ ಮುಚ್ಚಿಕೊಂಡಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಸಹಿ ಬೇಕಾದವನ ನಾಲಿಗೆ ಒಂದು ಗೇಣು ಮುಂದೇ ಇರುತ್ತದೆ. "ನಮ್ಮ ತಾಯಿಗೆ ಕೊಡಿ ಲೆನ್. ಜಿಡ್ಡು ತೆಗೆಯೋದ್ರಲ್ಲಿ ಅವರನ್ನ ಮೀರಿಸಿದವರು ಇಲ್ಲ" ಎಂದುಬಿಟ್ಟ. ಅಂದಮೇಲೆ ವೀಸಾ ನೆನಪಾಯಿತು. "ಆದ್ರೆ ನಾನು ವೀಸಾ ಮೇಲಿರೋನು. ನನ್ನಂಥವನ ಮನೇಲಿ ಬಂದೂಕು..."

"ಬಂದೂಕು ನನ್ನ ಮನೆ ಬಿಟ್ಟು ನಿನ್ನ ಮನೆಗೆ ಬಂದ್ರೆ ಇಬ್ಬರೂ ಒಳಗೆ ಹೋಗ್ತೀವಿ, ಗೊತ್ತು. ಇದರ ಸ್ಪ್ರಿಂಗು, ಮೊಳೆ ಎಲ್ಲ ಬಿಚ್ಚಿಟ್ಟಿದ್ದೀನಿ. ಇದು ಬರೀ ಕಬ್ಬಿಣದ ತುಂಡು. ನಾಳೆ ಬೆಳಿಗ್ಗೆ ಬಂದು ತಗೊಂಡು ಹೋಗ್ತೀನಿ. ಸೋಮವಾರ ಬಂದ ತಕ್ಷಣ ನಿನ್ನ ಫೈಲು. ಮರೆತ್ರೆ ಕೇಳು!"

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ನಿಂತ ಲೆನ್‌ನ ಕೈಗೆ ಗಿರಿಜಾದೇವಿ ಹಳೇ ಟವೆಲಿನಲ್ಲಿ ಸುತ್ತಿದ ಬೋಲ್ಟನ್ನು ಇಟ್ಟರು. ಅವನು ಬಿಚ್ಚಿ ನೋಡಿದ. ಗ್ರೀಸಿನ ಸುಳಿವಿಲ್ಲ. ಬೋಲ್ಟು ನೇರಳೆಹಣ್ಣಿನ ಹಾಗೆ ಕಪ್ಪಗೆ ಮಿರಿಮಿರಿ ಮಿಂಚುತ್ತಿತ್ತು. ಲೆನ್ ಅದನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿ, "ಕಾರ್ಖಾನೆಯಿಂದ ಬಂದ ದಿನಾನೂ ಇದು ಹೀಗಿರಲಿಲ್ಲ!" ಎಂದು ಗಿರಿಜಾದೇವಿಯವರಿಗೆ ಎರಡೂ ಕೈ ಜೋಡಿಸಿದ. ಮನೆಗೆ ಹೋಗಿ ಬಂದೂಕಿಗೆ ಜೋಡಿಸಿ, ಗೇಜು ಹಾಕಿ ಅಳತೆ ನೋಡಿ, ಮಧ್ಯಾಹ್ನವೇ ಕ್ಲಬ್ಬಿನಲ್ಲಿ ಮೊದಲನೇ ಗುಂಡು ಹಾರಿಸುವುದಾಗಿ ಹೇಳಿ ಕುಣಿಯುತ್ತಾ ಹೋದ. ಮೃತ್ಯುಂಜಯನಿಗೆ ಸಹಿ ಆಗಿಯೇಹೋದಷ್ಟು ಸಂತೋಷವಾಯಿತು. ಹೆಂಡತಿ ಅಕ್ಷತಾ ಸಾಮಾನು ತರಲು ಕಾರು ತೆಗೆದುಕೊಂಡು ಎಡಿಸನ್‌ಗೆ ಹೊರಟಾಗ, ಒಂದು ಡಬ್ಬಿ ಪೇಡೆಯನ್ನೂ ತರಲು ಹೇಳಿ ಸೋಫಾದ ಮೇಲೆ ಕಾಲು ಚಾಚಿದ.

ಆಗ ಬಂದವನು ಎದುರುಮನೆಯ ಬದರಿ.

"ಏನಪ್ಪಾ ಮೃತ್ಯು, ನನ್ನ ಬಾರ್ಬೆಕ್ಯೂ ನಿನ್ನ ಪ್ಯಾಟಿಯೋದಲ್ಲಿದೆಯಂತೆ?" ಎಂದ. ಯಾರ ಹೆಸರನ್ನೂ ಪೂರ್ತಿ ಹೇಳುವ ವ್ಯವಧಾನ ಬದರಿಗಿರಲಿಲ್ಲ. ಲೋಹಶಾಸ್ತ್ರದಲ್ಲಿ ಎಂ.ಟೆಕ್. ಮಾಡಿ, ಚಿನ್ನದ ಪದಕ ಪಡೆದು, ಈಗ ನ್ಯೂಯಾರ್ಕಿಗೆ ದಿನಾ ರೈಲಿನಲ್ಲಿ ಹೋಗಿ ಇನ್ಶೂರೆನ್ಸ್ ಕಂಪನಿಯೊಂದಕ್ಕೆ ಕೋಬಾಲ್ ಪ್ರೋಗ್ರಾಮ್ ಬರೆಯುತ್ತಿದ್ದ. ಅಮೆರಿಕಕ್ಕೆ ಬಂದ ಮೇಲೆ ಕಬ್ಬಿಣದ ಬಗ್ಗೆ ಅವನನ್ನು ಯಾರೂ ಒಂದು ಪ್ರಶ್ನೆ ಕೇಳಿರಲಿಲ್ಲ. ಆ ನೋವು ಒಳಗೊಳಗೇ ಇತ್ತು.

ಹಿಂಬದಿಯ ಪ್ಯಾಟಿಯೋದ ಬಾಗಿಲು ಸರಿಸಿದರೆ, ಬಾರ್ಬೆಕ್ಯೂ ಒಲೆಯ ತುಂಬ ಬೂದಿ. "ಇದೇನ್ ಆಂಟಿ, ರಾತ್ರಿ ಪಾರ್ಟಿ ಮಾಡಿದ್ರಾ? ನಮ್ಮನ್ನ ಕರೀಲೇ ಇಲ್ಲ!"

"ಪಾರ್ಟಿ ಅಲ್ರಿ, ಸಾಹೇಬ್ರ ಚಿಲಕಾ" ಎಂದರು ಗಿರಿಜಾದೇವಿ ಹೆಮ್ಮೆಯಿಂದ. "ಆ ಜಿಡ್ಡು ಸಾಬಾಣಕ್ಕ ಹೋಗೂವಂಥಾದ್ದಲ್ಲ. ಮತ್ತ ಅದು ಎಂಥಾ ಕೊಬ್ಬೋ ಏನೋ! ದನದ್ದೋ, ಹಂದೀದೋ, ಮಿಲ್ಟ್ರಿಯವರದು ನಂಬಾಕ ಬರತೈತೇನ್ರಿ? ನಾ ಅದನ್ನ ಅಡಗಿಮನ್ಯಾಗ ಇಡಲಿಲ್ಲ. ಬೆಂಕಿ ಮುಟ್ಟಿದ್ದಕ್ಕ ಮೈಲಿಗಿ ಇಲ್ಲ ನೋಡ್ರಿ. ನಿಮ್ಮ ಹೇಣ್ತಿ ನಂದಾನ ಕಡಿಂದ ಈ ಒಲಿ ಇಸಗೊಂಡು, ರೊಟ್ಟಿ ಹಂಚು ಪಳಗಿಸಿಧಂಗ ಪಳಗಿಸಿದೆ. ನೀವು ಗಂಡಸ್ರು ಮಲಗಿದ ಮ್ಯಾಲ ಕೆಂಡದಾಗ ಹುಗದು, ಕೆಂಪಗ ಅಂದ್ರ ಕೆಂಪಗ ಆಗೂತನಾ ಇಬ್ಬರೂ ಊದಿದ್ವಿ. ಆಮ್ಯಾಲ ಬೂದಿ ಮುಚ್ಚಿ ಬಿಟ್ಟೆ. ಮುಂಜಾನೆ ತಣ್ಣಗಾಗಿತ್ತು. ಹುಣಸಿಹಣ್ಣು ಹಚ್ಚಿ ತಿಕ್ಕಿ, ಎಣ್ಣಿ ಉಳ್ಳಾಗಡ್ಡಿ ಉಜ್ಜಿದ್ನಿ. ಹೊಳೀತು!"

ಬದರಿಯ ಮುಖ ಅರಳಿತು. "ಆಂಟಿ! ನೀವು ಏನ್ ಮಾಡಿದ್ದೀರ ಗೊತ್ತಾ? ಆನೀಲಿಂಗ್! ಗಟ್ಟಿ ಉಕ್ಕನ್ನ ಕೆಂಪಗೆ ಕಾಸಿ, ಬೂದಿಯೊಳಗೆ ನಿಧಾನವಾಗಿ ಆರಿಸಿದ್ರೆ ಬೆಣ್ಣೆ ಹಾಗೆ ಮೆತ್ತಗಾಗತ್ತೆ. ಪುಸ್ತಕದಲ್ಲಿರೋದು ಇದೇ! ನಮ್ಮ ಪ್ರೊಫೆಸರಿಗೂ ಇಷ್ಟು ನೀಟಾಗಿ ಬರ್ತಿರಲಿಲ್ಲ!"

ಸೋಫಾದ ಮೇಲಿದ್ದ ಮೃತ್ಯುಂಜಯನ ಕಾಲು ತಾನಾಗಿ ಕೆಳಗಿಳಿಯಿತು. "ಮೆತ್ತಗಾದರೆ ಏನಾಗ್ತದ ಬದರಿ?"

"ಅದು ಯಾವುದರ ತುಂಡು ಅನ್ನೋದರ ಮೇಲೆ ಹೋಗತ್ತೆ. ಗೇಟಿನ ಚಿಲಕ ಆದ್ರೆ ಏನೂ ಆಗಲ್ಲ."

"ಬಂದೂಕಿಂದು. ಗುಂಡಿನ ಹಿಂದ ಇರೂದು."

ಬದರಿಯ ಮುಖದ ಮೇಲಿನ ನಗೆ ಸ್ವಲ್ಪ ಹೊತ್ತು ಹಾಗೇ ಇತ್ತು. ಹೋಗಬೇಕೆಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಆಮೇಲೆ ಅವನು ಮೆಲ್ಲಗೆ ಕುರ್ಚಿ ಎಳೆದುಕೊಂಡು ಕೂತ. "ಮೃತ್ಯು," ಎಂದ, "ಆ ಮನುಷ್ಯ ಅದನ್ನ ಹೊಡೀಬಾರದು."

ಮೃತ್ಯುಂಜಯ ಫೋನಿಗೆ ಹಾರಿದ. ಲೆನ್‌ನ ಹೆಂಡತಿ ಎತ್ತಿಕೊಂಡಳು. ಗೇಜು ಹಾಕಿ ನೋಡಿದ್ದಾಯಿತಂತೆ, ಅಳತೆ ಬಹಳ ಚೆನ್ನಾಗಿದೆಯಂತೆ, ಈಗಷ್ಟೇ ಕ್ಲಬ್ಬಿಗೆ ಹೊರಟನಂತೆ. ಮೊಬೈಲು? ಅಗೋ, ಊಟದ ಟೇಬಲಿನ ಮೇಲೇ ಬಿಟ್ಟು ಹೋಗಿದ್ದಾನೆ. ಕ್ಲಬ್ಬಿನ ನಂಬರಿಗೆ ಮಾಡಿದರೆ ಯಂತ್ರ ಮಾತಾಡಿ, ಸದಸ್ಯರ ಚಂದಾ ಕಟ್ಟಲು ಕಡೆಯ ದಿನ ತಿಳಿಸಿ ಕಟ್ಟಾಯಿತು.

"ಗೇಜಿನಾಗ ಪಾಸಾಗೇತಂತಲ್ಲೋ!" ಎಂದ ಮೃತ್ಯುಂಜಯ ಆಸೆಯಿಂದ.

"ಗೇಜು ಅಳತೆ ನೋಡತ್ತೆ ಕಣಯ್ಯ, ಗಟ್ಟಿ ನೋಡಲ್ಲ. ಅಳತೆ ಹಾಗೇ ಇದೆ, ಒಳಗೆ ಗಟ್ಟಿತನ ಸತ್ತಿದೆ. ಒಂದು ಗುಂಡು, ಇಲ್ಲ ಅಂದ್ರೆ ಎರಡು. ಆಮೇಲೆ ಅದು ಸೀದಾ ಕಣ್ಣಿಗೆ."

ಮನೆಯಲ್ಲಿ ಕಾರಿಲ್ಲ. ಹೊರಟದ್ದು ಬದರಿಯ ವ್ಯಾನು. ಬಾರ್ಬೆಕ್ಯೂ ತಾನು ಕೊಟ್ಟದ್ದರಿಂದ, ಕೆಂಡ ತಾನೂ ಊದಿದ್ದರಿಂದ, ಮನೆಯಲ್ಲಿ ಕೂತರೆ ಜೀವ ತಡೆಯುವುದಿಲ್ಲವೆಂದು ಬದರಿಯ ಹೆಂಡತಿ ನಂದಾ ಹತ್ತಿದಳು. "ತಪ್ಪ ನಂದಿದ್ರ ನಾನ ಬಂದು ಹೇಳ್ತೀನಿ" ಎಂದು ಗಿರಿಜಾದೇವಿ ಸೆರಗು ಸುತ್ತಿ, ಮೇಲೊಂದು ಸ್ವೆಟರ್ ಹಾಕಿ ಮುಂದಿನ ಸೀಟಿನಲ್ಲೇ ಕೂತರು.

ಕ್ಲಬ್ಬಿದ್ದದ್ದು ದಕ್ಷಿಣಕ್ಕೆ, ಪೈನ್ ಮರಗಳ ಕಾಡಿನೊಳಗೆ. ಬದರಿ ಕಾರು ಓಡಿಸುವ ರೀತಿ ಹೇಗೆಂದರೆ, ಬೋರ್ಡಿನ ಮೇಲೆ ಐವತ್ತು ಎಂದಿದ್ದರೆ ಅವನು ನಲವತ್ತಕ್ಕೆ ಇಳಿಸಿ, ಬರುವ ಬೋರ್ಡು ಏನು ಹೇಳುತ್ತದೋ ಎಂದು ಕಾಯುವವ. ಹಿಂದಿನಿಂದ ಲಾರಿಗಳು ಹಾರನ್ ಹೊಡೆದವು, ಮುದುಕಿಯರು ಓವರ್‌ಟೇಕ್ ಮಾಡಿ ತಿರುಗಿ ನೋಡಿದರು.

"ಸ್ವಲ್ಪ ಜೋರ್ ಹೊಡಿಯೋ ಮಾರಾಯ!"

"ಪೊಲೀಸರ ಟಿಕೆಟ್ ಬಂದ್ರೆ ಇನ್ಶೂರೆನ್ಸ್ ಏರತ್ತೆ. ನಾನೇ ಆ ಪ್ರೋಗ್ರಾಮ್ ಬರೆದಿರೋನು, ನನಗೆ ಗೊತ್ತು."

206ನೇ ರಸ್ತೆಯಲ್ಲಿ ಸರ್ಕಲ್ ಬಂತು. ಎಡಕ್ಕೋ ಬಲಕ್ಕೋ ಎಂಬ ಮಾತಿಗೆ ಗಂಡಹೆಂಡಿರಿಗೆ ಜಗಳ ಹತ್ತಿ, ವ್ಯಾನು ಹೊರಬರಲು ದಾರಿ ಕಾಣದೆ ಸುತ್ತತೊಡಗಿತು. "ದೇವರ ಗುಡಿನೂ ಇಲ್ಲ, ಪ್ರದಕ್ಷಿಣಿ ಯಾಕ ಹಾಕಾಕತ್ತೀರಿ?" ಎಂದು ಗಿರಿಜಾದೇವಿ ಕೇಳಿದ ಮೇಲೆ ಬದರಿ ನಾಚಿ, ಸಿಕ್ಕ ರಸ್ತೆಗೆ ನುಗ್ಗಿಸಿದ. ಪುಣ್ಯಕ್ಕೆ ಅದೇ ಸರಿಯಾದ ರಸ್ತೆಯಾಗಿತ್ತು.

ಕಾಡು ದಟ್ಟವಾದ ಹಾಗೆ ಮಾತು ನಿಂತಿತು. ಕನ್ನಡಿಯಲ್ಲಿ ಮೃತ್ಯುಂಜಯನನ್ನು ನೋಡುತ್ತಾ ಬದರಿಯೇ ಮತ್ತೆ ಶುರುಮಾಡಿದ. "ಒಂದು ಮಾತು ಕೇಳ್ಲಾ? ಹೋಗಿ ಏನಂತ ಹೇಳ್ತೀಯ? ನಿಮ್ಮ ಬೋಲ್ಟನ್ನ ನಮ್ಮಮ್ಮ ಸುಟ್ಟು ಹಾಳು ಮಾಡಿದ್ರು ಅಂತಲಾ?"

"ಮತ್ತ?"

"ಹೇಳಿದ್ರೆ ಸಹಿ ಹೋಯ್ತು. ಹೇಳದೆ ಇದ್ರೆ ಸಹಿ ಹಾಕೋ ಕೈಯೇ ಹೋಯ್ತು."

"ರೀ, ನೀವು ರಸ್ತೆ ನೋಡ್ರೀ" ಎಂದಳು ನಂದಾ.

ಮೃತ್ಯುಂಜಯ ಕಿಟಕಿಯ ಕಡೆ ತಿರುಗಿದ. ನಿಜ ಹೇಳಬೇಕೆಂದರೆ, ಆ ಗಳಿಗೆಯವರೆಗೆ ಅವನು ಹೆಚ್ಚಾಗಿ ಹೆದರಿದ್ದು ಸಹಿಗೇ. ಈಗ ಕಣ್ಣ ಮುಂದೆ ಬಂದದ್ದು ಬಾಗಿಲಲ್ಲಿ ಕೈ ಜೋಡಿಸಿ ನಿಂತ ಲೆನ್‌ನ ಕೆಂಪು ಮುಖ. ಆ ಮುಖಕ್ಕೆ ಏನಾದರೂ ಆದರೆ ಯಾವ ಕಾರ್ಡು ಬಂದರೂ ತಾನು ಈ ದೇಶದಲ್ಲಿ ನಿದ್ದೆ ಮಾಡಲಾರೆ ಅನ್ನಿಸಿತು. "ದೇವರೇ, ಸಹಿ ಹೋದರೂ ಹೋಗಲಿ, ಅವನ ಕಣ್ಣು ಉಳಿಸು" ಎಂದು ಒಳಗೇ ಬೇಡಿಕೊಂಡ. ಬೇಡಿಕೊಂಡ ಕೂಡಲೇ, ಎರಡೂ ಉಳಿದರೆ ಇನ್ನೂ ಒಳ್ಳೆಯದು ಎಂದೂ ಸೇರಿಸಿದ.

ಕ್ಲಬ್ಬಿನ ಗೇಟಿನಲ್ಲೇ ಢಮ್ ಢಮ್ ಸದ್ದು ಕೇಳಿಸುತ್ತಿತ್ತು. ಒಂದೊಂದು ಸದ್ದಿಗೂ ಮೃತ್ಯುಂಜಯನ ಭುಜ ಎಗರುತ್ತಿತ್ತು. ಕಾವಲು ಚೌಕಿಯಲ್ಲಿದ್ದ ಬಿಳಿಗಡ್ಡದ ಮುದುಕ ಇವರನ್ನು ನೋಡಿ ನಿಧಾನವಾಗಿ ಎದ್ದ, ಅದಕ್ಕಿಂತ ನಿಧಾನವಾಗಿ ಕನ್ನಡಕ ಹುಡುಕಿದ.

"ಲೆನ್ ಡುಬ್ರೋವ್ಸ್ಕಿ ಎಲ್ಲಿದ್ದಾರೆ? ತಕ್ಷಣ ನಿಲ್ಲಿಸಬೇಕು! ಅವರ ಬಂದೂಕು ಅಪಾಯ!"

"ಎಲ್ಲಾ ಬಂದೂಕೂ ಅಪಾಯಾನೇ ಮಗೂ" ಎಂದ ಮುದುಕ ಸಮಾಧಾನವಾಗಿ. "ನಮ್ಮ ಮೊದಲನೇ ನಿಯಮಾನೇ ಅದು. ಲೆನ್ ಆ ತುದೀಲಿದ್ದಾನೆ, ಮಣ್ಣಿನ ದಿಬ್ಬದ ಆಚೆ. ಒಳಗೆ ಹೋಗೋರು ನಿಯಮ ಕೇಳಿಸ್ಕೋಬೇಕು. ಎರಡನೇದು, ಓಡೋ ಹಾಗಿಲ್ಲ. ಮೂರನೇದು, ಕೂಗೋ ಹಾಗಿಲ್ಲ."

ಮೃತ್ಯುಂಜಯ ಕೈ ಹಿಸುಕಿಕೊಂಡ, ಕಾಲು ಕುಟ್ಟಿದ, ಎಲ್ಲಕ್ಕೂ ಹೂಂ ಹೂಂ ಎಂದ. ಮುದುಕ ಒಂದು ನಿಯಮವನ್ನೂ ಬಿಡಲಿಲ್ಲ. ಕಡೆಗೆ ನಾಲ್ವರ ಕಣ್ಣಿಗೂ ಪ್ಲಾಸ್ಟಿಕ್ ಕನ್ನಡಕ ಹಾಕಿಸಿ, ಕಿವಿಗೆ ಸದ್ದು ಕೇಳದ ಹಾಗೆ ದಪ್ಪ ಮುಚ್ಚಳಗಳನ್ನು ಕೂರಿಸಿದ. ತಲೆಯ ಮೇಲಿನ ಸೆರಗಿನ ಮೇಲೆ ಅದನ್ನು ಹಾಕಿಕೊಂಡು ಗಿರಿಜಾದೇವಿ ವಿಮಾನ ಹಾರಿಸಲು ಹೊರಟವರಂತೆ ಕಂಡರು. ನಗಲು ಯಾರಿಗೂ ಪುರಸೊತ್ತಿರಲಿಲ್ಲ.

ಮೃತ್ಯುಂಜಯ ಓಡಲಿಲ್ಲ, ಆದರೆ ಅಂಥ ನಡಿಗೆಯನ್ನು ಆ ಕ್ಲಬ್ಬು ಹಿಂದೆ ಕಂಡಿರಲಾರದು. ದಿಬ್ಬದ ತಿರುವು ಕಂಡ ಕೂಡಲೇ ಮೂರನೇ ನಿಯಮ ಮರೆತು "ಲೆನ್! ಲೆನ್! ನಿಲ್ಲಿ!" ಎಂದು ಎದೆ ಬಿರಿಯುವಂತೆ ಕೂಗಿದ. ಅಲ್ಲಿ ಸಾಲಾಗಿ ನಿಂತವರೆಲ್ಲರ ಕಿವಿಗೂ ಮುಚ್ಚಳ. ಒಬ್ಬರೂ ತಿರುಗಲಿಲ್ಲ. ಇಂಗ್ಲಿಷ್ ಮುಗಿದು ಕನ್ನಡ ಬಂತು. "ಹೊಡೀಬ್ಯಾಡ್ರೀ! ಯಪ್ಪಾ, ಹೊಡೀಬ್ಯಾಡ್ರೀ!"

ಢಮಾರ್!

ಉಳಿದ ಸದ್ದುಗಳಂತಿರಲಿಲ್ಲ ಅದು. ಏನೋ ಹರಿದು, ಸೀಳಿ, ಚೂರಾದ ಸದ್ದು. ದಿಬ್ಬದ ಆಚೆಯಿಂದ ಹೊಗೆ ಎದ್ದಿತು. ಮೃತ್ಯುಂಜಯ ತಿರುವು ದಾಟಿ ನೋಡಿದ. ಮರದ ದಿಮ್ಮಿಗಳನ್ನು ಪೇರಿಸಿದ ಗೋಡೆಯ ಈ ಕಡೆ ಲೆನ್ ಬೋರಲು ಬಿದ್ದಿದ್ದ. ಟೋಪಿ ಒಂದು ಕಡೆ, ಕೈ ಒಂದು ಕಡೆ. ಅಲ್ಲಾಟವಿಲ್ಲ.

"ಲೆನ್ ಸಾಹೇಬ್ರ! ನಾನ ಕೊಂದೆ ನಿಮ್ಮನ್ನ! ಜಿಡ್ಡಿನ ನೆಪಾ ಮಾಡಿ ಕೊಂದೆ!" ಎಂದು ಮೃತ್ಯುಂಜಯ ಎದೆ ಬಡಿದುಕೊಂಡು ಅತ್ತ. ಹಿಂದಿನಿಂದ ಬಂದ ಗಿರಿಜಾದೇವಿ ಬಾಯಿಗೆ ಸೆರಗು ಒತ್ತಿಕೊಂಡು, "ನಾನ ಊದಿದ್ನಲ್ಲೋ ತಮ್ಮಾ ಆ ಕೆಂಡಾನ" ಎಂದು ಅಲ್ಲೇ ಕುಸಿದರು.

ಹೆಣ ತಲೆ ಎತ್ತಿತು.

"ಜೇ?" ಎಂದ ಲೆನ್, ಕಿವಿಯ ಮುಚ್ಚಳ ತೆಗೆಯುತ್ತಾ. "ನೀನಿಲ್ಲೇನು ಮಾಡ್ತಿದ್ದೀಯ? ಅಮ್ಮ ಯಾಕೆ ಅಳ್ತಿದ್ದಾರೆ?"

ಅವನ ಕೈಯಲ್ಲಿ ಉದ್ದನೆಯ ಹಗ್ಗದ ತುದಿಯಿತ್ತು. ಹಳೇ ಬಂದೂಕಿನ ಮೊದಲ ಗುಂಡನ್ನು ತಿಳಿದವರು ಯಾರೂ ಭುಜಕ್ಕಿಟ್ಟು ಹೊಡೆಯುವುದಿಲ್ಲವಂತೆ. ಕಾರಿನ ಹಳೇ ಟೈರಿಗೆ ಬಂದೂಕನ್ನು ಬಿಗಿದು ಕಟ್ಟಿ, ಟ್ರಿಗರಿನ ಕುದುರೆಗೆ ಹಗ್ಗ ಸಿಕ್ಕಿಸಿ, ದೂರ ಹೋಗಿ ಗೋಡೆಯ ಮರೆಗೆ ಮಲಗಿ ಎಳೆಯುತ್ತಾರಂತೆ. ಇದನ್ನು ಹೇಳಿ ಲೆನ್ ಅಂಗಿಯ ಮಣ್ಣು ಕೊಡವಿಕೊಂಡ. ಮೃತ್ಯುಂಜಯ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದ.

ಎಲ್ಲರೂ ಗೋಡೆಯಾಚೆ ಹೋಗಿ ನೋಡಿದರು. ನಂದಾ ಕಣ್ಣು ಮುಚ್ಚಿಕೊಂಡಳು. ಬಂದೂಕಿನ ಮರ ಉದ್ದಕ್ಕೂ ಸೀಳಿತ್ತು. ಅವ್ವ ಹೊಳೆಯಿಸಿದ ಬೋಲ್ಟು ಮುರಿದು, ಅದರ ಹಿಡಿಕೆ ಹಿಂದಿನ ದಿಮ್ಮಿಯಲ್ಲಿ ನೆಟ್ಟುಕೊಂಡಿತ್ತು. ಭುಜಕ್ಕಿಟ್ಟು ಹೊಡೆದಿದ್ದರೆ ಲೆನ್‌ನ ಮುಖ ಇರುತ್ತಿದ್ದ ದಿಕ್ಕು ಅದೇ. ಸದ್ದು ಕೇಳಿ ಕ್ಲಬ್ಬಿನ ಜನರೆಲ್ಲ ಸುತ್ತ ಸೇರಿದರು.

ಲೆನ್ ಮುರಿದ ತುಂಡನ್ನು ಎತ್ತಿಕೊಂಡು ತಲೆಯಾಡಿಸಿದ. "ಛೆ. ಉಕ್ಕೇ ಸರಿಯಿಲ್ಲ. ಮಾಡುವಾಗಲೇ ಕೆಟ್ಟಿದೆ ಇದು."

ಬದರಿ ಮೃತ್ಯುಂಜಯನ ತೋಳು ಚಿವುಟಿದ. "ಕೇಳಿಸ್ತಾ? ಮಾಡುವಾಗಲೇ ಕೆಟ್ಟಿದೆಯಂತೆ. ಅವನೂ ಉಳ್ದ, ಸಹಿನೂ ಉಳೀತು. ನೀನು ಸುಮ್ನಿರು."

ಮೃತ್ಯುಂಜಯ ಬೇಡಿಕೊಂಡದ್ದು ಎರಡೂ ಸಿಕ್ಕಿತ್ತು. ಹೂಂ ಎಂದು ಎಲ್ಲರನ್ನೂ ವ್ಯಾನಿಗೆ ಹತ್ತಿಸಿದ್ದರೆ ಸೋಮವಾರ ಸಹಿ, ಮುಂದೆ ಕಾರ್ಡು. ಅಷ್ಟರಲ್ಲಿ ಗುಂಪಿನಲ್ಲಿದ್ದ ದಪ್ಪನೆಯವನೊಬ್ಬ, "ಯಾವ ದೇಶದ್ದು?" ಎಂದ. "ಇಂಡಿಯಾದ್ದು" ಎಂದ ಲೆನ್. "ಓ, ಇಂಡಿಯಾ!" ಎಂದು ಆ ದಪ್ಪನೆಯವನು ನಕ್ಕ. ಎಲ್ಲರೂ ನಕ್ಕರು. "ಅಲ್ಲಿ ಉಕ್ಕು ಯಾರಿಗೆ ಬರತ್ತೆ ಮಾಡೋಕೆ? ಇನ್ನು ಮೇಲೆ ಇಂಡಿಯಾದ ಬಂದೂಕು ಯಾರೂ ತರಬೇಡಿ ಅಂತ ಗೇಟಿನಲ್ಲಿ ಬೋರ್ಡು ಹಾಕೋಣ" ಎಂದಿತು ಇನ್ನೊಂದು ದನಿ. ಲೆನ್‌ನೂ ಹೌದೆಂದು ತಲೆಯಾಡಿಸಿದ.

ಮೃತ್ಯುಂಜಯನಿಗೆ ಏನಾಯಿತೋ ಅವನಿಗೇ ಗೊತ್ತಿಲ್ಲ. ಬಯ್ದರೆ ನುಂಗಿಕೊಳ್ಳುವವನು, ಕ್ಯೂನಲ್ಲಿ ಯಾರಾದರೂ ನಡುವೆ ನುಗ್ಗಿದರೂ ತಾನೇ ಕ್ಷಮೆ ಕೇಳುವವನು, ಚಿವುಟುತ್ತಿದ್ದ ಬದರಿಯ ಕೈ ಕೊಡವಿ ಮುಂದೆ ಬಂದ.

"ಉಕ್ಕು ಕೆಟ್ಟಿರಲಿಲ್ಲ. ಒಳ್ಳೇ ಉಕ್ಕು. ಅದನ್ನ ಕೆಡಿಸಿದ್ದು ನಾನು. ನಮ್ಮ ತಾಯಿ ಜಿಡ್ಡು ಹೋಗಲಿ ಅಂತ ಕೆಂಡಕ್ಕೆ ಹಾಕಿದ್ರು, ಅವರಿಗೆ ಗೊತ್ತಿರಲಿಲ್ಲ. ಜಿಡ್ಡು ಹೇಗೆ ತೆಗೆದ್ರು ಅಂತ ಕೇಳದೆ ನಿಮಗೆ ಕೊಟ್ಟ ತಪ್ಪು ನಂದು. ಗೊತ್ತಾದ ಕೂಡಲೇ ನಿಮ್ಮನ್ನ ನಿಲ್ಲಿಸೋಕೆ ಬಂದೆ. ಬೋರ್ಡು ಹಾಕೋದಾದರೆ ನನ್ನ ಹೆಸರು ಹಾಕಿ. ಇಂಡಿಯಾದ್ದು ಹಾಕಬೇಡಿ."

ಯಾರೂ ನಗಲಿಲ್ಲ. ಲೆನ್ ಅವನನ್ನೇ ದಿಟ್ಟಿಸಿದ, ಗಿರಿಜಾದೇವಿಯವರನ್ನು ನೋಡಿದ, ಕೈಯಲ್ಲಿದ್ದ ತುಂಡನ್ನು ನೋಡಿದ. ಮೃತ್ಯುಂಜಯ ಮನಸ್ಸಿನಲ್ಲೇ ಸೂಟ್‌ಕೇಸುಗಳನ್ನು ಅಟ್ಟದಿಂದ ಇಳಿಸತೊಡಗಿದ.

ಲೆನ್ ಹತ್ತಿರ ಬಂದು ಅವನ ಎರಡೂ ಭುಜ ಹಿಡಿದ. ಕಣ್ಣು ಒದ್ದೆಯಾಗಿತ್ತು.

"ನಾನಾಗೇ ಉಕ್ಕಿನ ಮೇಲೆ ತಪ್ಪು ಹೊರಿಸಿದ್ದೆ. ನೀನು ಬಾಯಿ ಬಿಡದಿದ್ರೆ ನನಗೆ ಯಾವತ್ತೂ ಗೊತ್ತಾಗ್ತಿರಲಿಲ್ಲ. ಆದ್ರೂ ಹೇಳ್ದೆ. ಜೇ, ನಾನೂ ಒಂದು ನಿಜ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಗ್ರೀನ್ ಕಾರ್ಡ್ ಕೈಗೆ ಬಂದ ಮರುದಿನವೇ ನಿಮ್ಮವರೆಲ್ಲ ಹೆಚ್ಚು ಸಂಬಳ ಕೊಡೋರ ಹತ್ರ ಹಾರಿಹೋಗ್ತಾರೆ. ಅದಕ್ಕೇ ಒಳ್ಳೇ ಹುಡುಗರ ಫೈಲಿಗೆ ನಾನು ಬೇಗ ಕೈ ಹಾಕಲ್ಲ. ನಿನ್ನದಕ್ಕೆ ಸೋಮವಾರ ಖಂಡಿತ ಸಹಿ ಹಾಕೋನಿದ್ದೆ. ಇವನು ಹೋದ್ರೂ ಅಂಥಾ ನಷ್ಟ ಏನಿಲ್ಲ ಅಂದ್ಕೊಂಡಿದ್ದೆ. ಎಂಥಾ ತಪ್ಪು ಮಾಡ್ತಿದ್ದೆ! ನಿನ್ನಂಥವನನ್ನ ಕಳ್ಕೊಳ್ಳೋಕೆ ನನಗೇನು ಹುಚ್ಚೇ? ನಿನ್ನ ವೀಸಾ ಇರೋ ಕೊನೇ ದಿನದವರೆಗೂ ನೀನು ನನ್ನ ಜೊತೇಲೇ ಇರ್ತೀಯ. ಆ ಫೈಲನ್ನ ನಾನು ಮುಟ್ಟೋದೇ ಇಲ್ಲ!"

ಹೀಗೆಂದು ಅವನನ್ನು ಬಲವಾಗಿ ಅಪ್ಪಿಕೊಂಡ. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಆ ದಪ್ಪನೆಯವನೂ ತಟ್ಟಿದ.

ವ್ಯಾನಿನ ಕಡೆ ನಡೆಯುವಾಗ ಗಿರಿಜಾದೇವಿ ಮಗನ ಕೈ ಹಿಡಿದು ಅಳುಕುತ್ತಾ ಕೇಳಿದರು. "ಏನಂದ್ರೋ ತಮ್ಮಾ ಸಾಹೇಬ್ರು? ಭಾಳ ಸಿಟ್ಟಾದ್ರೇನು?"

"ಇಲ್ಲವ್ವ. ಭಾಳ ಮೆಚ್ಚಿಕೊಂಡ್ರು."

"ಹಂಗಾರ ಸಹಿ?"

"ಮೆಚ್ಚಿಕೊಂಡ್ರಲ್ಲವ್ವ," ಎಂದ ಮೃತ್ಯುಂಜಯ, "ಅದಕ್ಕ ಹಾಕೂದಿಲ್ಲಂತ."